ಕಡಲಾಚೆಯ ಶಾಲೆಯೂ ಮರಳಿ ಬರುವ ದಾರಿಯೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕನ್ನಡದ ಅಧ್ಯಾಪಕನೊಬ್ಬನು ಮಾತನಾಡಲು ನಿಂತರೆ ಹಳಗನ್ನಡ ಕಾವ್ಯವನ್ನೋ ಗಡಿನಾಡಿನ ಇತಿಹಾಸವನ್ನೋ ಎತ್ತಿಕೊಳ್ಳುವನೆಂದು ತಾವು ಎಣಿಸುವುದು ಸಹಜ. ಈ ಸಲ ಸಂಘದವರು ನನಗೆ ಒಪ್ಪಿಸಿದ ವಿಷಯವೇ ಬೇರೆ. ಸಂಸಾರ ಸಮೇತರಾಗಿ ಪರದೇಶಕ್ಕೆ ಹೊರಟ ನಮ್ಮವರು ಅಲ್ಲಿ ಮಕ್ಕಳನ್ನು ಎಂತಹ ಶಾಲೆಗೆ ಸೇರಿಸಬೇಕು ಎಂಬುದೇ ಆ ವಿಷಯ. ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ಸಂಬಂಧವಿದೆಯೆಂದೂ ಅದು ಬಹಳ ಹತ್ತಿರದ ಸಂಬಂಧವೆಂದೂ ತೋರಿಸಿಕೊಡುವುದೇ ನನ್ನ ಇಂದಿನ ಉದ್ದೇಶ.

ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಕೊಲ್ಲಿ ನಾಡಿಗೆ ದುಡಿಯಲು ಹೋಗುವುದು ಇಂದು ನಿನ್ನೆಯ ಮಾತಲ್ಲ. ದುಬಾಯಿ, ಅಬುಧಾಬಿ, ದೋಹಾ, ಮಸ್ಕತ್, ಬಹರೈನ್ ಎಂಬ ಹೆಸರುಗಳು ನಮ್ಮ ಹಳ್ಳಿಯ ಅಜ್ಜಿಯಂದಿರ ಬಾಯಲ್ಲಿ ಕೂಡ ಪುತ್ತೂರು, ಮಂಗಳೂರುಗಳಷ್ಟೇ ಸಲೀಸಾಗಿ ಹೊರಳುತ್ತವೆ. ಹಿಂದೆ ಹೆಚ್ಚಾಗಿ ಗಂಡಸರು ಮಾತ್ರ ಹೋಗುತ್ತಿದ್ದರು. ಹೆಂಡತಿ ಮಕ್ಕಳು ಊರಿನಲ್ಲಿ ಉಳಿಯುತ್ತಿದ್ದರು. ಮಕ್ಕಳು ಊರ ಕನ್ನಡ ಶಾಲೆಯಲ್ಲಿ ಕಲಿಯುತ್ತಿದ್ದರು. ಈಗ ಓದಿ ಒಳ್ಳೆಯ ಉದ್ಯೋಗ ಹಿಡಿದವರು ಸಂಸಾರವನ್ನೂ ಕರೆದೊಯ್ಯುತ್ತಾರೆ. ಮಗುವಿನ ಟಿ.ಸಿ.ಗಾಗಿ ಶಾಲೆಗೆ ಬಂದ ತಾಯ್ತಂದೆಗಳು ಜಗಲಿಯಲ್ಲಿ ನಿಂತು, “ಮಾಷ್ಟ್ರೇ, ಅಲ್ಲಿ ಇಂಟರ್‌ನ್ಯಾಶನಲ್ ಸ್ಕೂಲಿಗೆ ಹಾಕಬೇಕೋ, ಇಂಡಿಯನ್ ಸ್ಕೂಲು ಸಾಕೋ?” ಎಂದು ಕೇಳುವುದುಂಟು. ಈ ಪ್ರಶ್ನೆಗೆ ಜಗಲಿಯಲ್ಲಿ ನಿಂತು ಉತ್ತರ ಕೊಡುವುದು ಕಷ್ಟ. ಆದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡೋಣ.

ಮೊದಲು ‘ಅಂತಾರಾಷ್ಟ್ರೀಯ ಶಾಲೆ’ ಎಂಬ ಹೆಸರಿನ ಅರ್ಥವನ್ನು ತಿಳಿಯಬೇಕು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಸ್ವಿಟ್ಸರ್ಲೆಂಡಿನ ಜಿನೀವಾ ನಗರದಲ್ಲಿ ರಾಷ್ಟ್ರಸಂಘ ನೆಲೆಯೂರಿತಷ್ಟೆ. ನಾನಾ ದೇಶಗಳಿಂದ ಬಂದ ಅಧಿಕಾರಿಗಳ ಮಕ್ಕಳಿಗಾಗಿ 1924ರಲ್ಲಿ ಅಲ್ಲೊಂದು ಶಾಲೆ ತೆರೆಯಿತು. ಅದೇ ವರ್ಷ ಜಪಾನಿನ ಯೊಕೊಹಾಮದಲ್ಲಿಯೂ ಇಂತಹುದೇ ಒಂದು ಶಾಲೆ ಆರಂಭವಾಯಿತು. ಇಂದು ಒಂದು ದೇಶ, ನಾಳೆ ಇನ್ನೊಂದು ದೇಶ ಎಂದು ಅಲೆಯುವ ತಂದೆಯ ಮಗುವಿಗೆ ಯಾವ ದೇಶದ ಪಾಠಪಟ್ಟಿಯೂ ಪೂರ್ತಿ ಹೊಂದುವುದಿಲ್ಲ. ಅಂತಹ ಮಕ್ಕಳು ಯಾವ ನಾಡಿನಲ್ಲಿದ್ದರೂ ಒಂದೇ ಪರೀಕ್ಷೆಯನ್ನು ಬರೆದು ಯಾವ ನಾಡಿನ ವಿಶ್ವವಿದ್ಯಾನಿಲಯಕ್ಕಾದರೂ ಸೇರುವಂತಾಗಬೇಕೆಂಬ ಆಶಯದಿಂದ 1968ರಲ್ಲಿ ಜಿನೀವಾದಲ್ಲಿಯೇ ‘ಇಂಟರ್‌ನ್ಯಾಶನಲ್ ಬಕಲೊರಿಯೇಟ್’ ಎಂಬ ಸಂಸ್ಥೆ ಸ್ಥಾಪಿತವಾಯಿತು. ಜನ ಅದನ್ನು ಚಿಕ್ಕದಾಗಿ ಐ.ಬಿ. ಎನ್ನುತ್ತಾರೆ. ಅಂತಾರಾಷ್ಟ್ರೀಯ ಶಾಲೆ ಹುಟ್ಟಿದುದು ಹೀಗೆ, ನಿಜವಾದ ಒಂದು ಅವಶ್ಯಕತೆಯಿಂದ.

ಇಂದಾದರೋ ಆ ಹೆಸರು ಬಾಗಿಲ ಮೇಲಿನ ಹಲಗೆಯಲ್ಲಿ ಅಗ್ಗವಾಗಿದೆ. ದುಬಾಯಿಯಲ್ಲಿ ಕೇಂದ್ರೀಯ ಪಾಠಪಟ್ಟಿಯನ್ನು ಬೋಧಿಸುವ ಶಾಲೆಗೂ ‘ಇಂಟರ್‌ನ್ಯಾಶನಲ್’ ಎಂಬ ಹೆಸರಿರಬಹುದು. ಇಂಗ್ಲೆಂಡಿನ ಪರೀಕ್ಷೆಗೆ ಕೂರಿಸುವ ಶಾಲೆಗೂ ಇರಬಹುದು. ಆದುದರಿಂದ ತಾಯ್ತಂದೆಗಳು ಶಾಲೆಯ ಹೆಸರನ್ನು ಬಿಟ್ಟು ಒಂದೇ ಪ್ರಶ್ನೆಯನ್ನು ಕೇಳಬೇಕು: “ನನ್ನ ಮಗು ಇಲ್ಲಿ ಕೊನೆಗೆ ಯಾವ ಪರೀಕ್ಷೆ ಬರೆಯುತ್ತದೆ?” ಈ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಮಗುವಿನ ಮುಂದಿನ ಹತ್ತು ವರ್ಷಗಳು ಅಡಗಿವೆ.

ಆ ಉತ್ತರಗಳು ಮುಖ್ಯವಾಗಿ ಮೂರು ಬಗೆಯವು.

ಮೊದಲನೆಯದು ಭಾರತೀಯ ಪದ್ಧತಿಯ ಶಾಲೆ. ಬಹರೈನಿನ ಇಂಡಿಯನ್ ಸ್ಕೂಲು 1950ರಲ್ಲಿಯೂ ದುಬಾಯಿಯ ಇಂಡಿಯನ್ ಹೈಸ್ಕೂಲು 1961ರಲ್ಲಿಯೂ ಆರಂಭವಾದವು. ಕೊಲ್ಲಿ ನಾಡಿನ ಭಾರತೀಯ ಶಾಲೆಗಳಲ್ಲಿ ಹೆಚ್ಚಿನವು ಸಿ.ಬಿ.ಎಸ್.ಇ. ಎಂಬ ಕೇಂದ್ರೀಯ ಮಂಡಲಿಗೆ ಸೇರಿವೆ. ಕೆಲವು ಶಾಲೆಗಳಲ್ಲಿ ನಮ್ಮ ಕೇರಳದ ಪಾಠಪಟ್ಟಿಯೇ ಇದೆ, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೇಂದ್ರಗಳು ಅಲ್ಲಿಯೂ ಇವೆ. ಇವುಗಳ ಶಾಲಾವರ್ಷ ಏಪ್ರಿಲಿನಲ್ಲಿ ತೊಡಗಿ ಮಾರ್ಚಿಯಲ್ಲಿ ಮುಗಿಯುತ್ತದೆ.

ಎರಡನೆಯದು ಬ್ರಿಟಿಷ್ ಪದ್ಧತಿ. ಇಲ್ಲಿ ಹದಿನಾರರ ಆಸುಪಾಸಿನಲ್ಲಿ ಐ.ಜಿ.ಸಿ.ಎಸ್.ಇ. ಎಂಬ ಪರೀಕ್ಷೆ, 1988ರಿಂದ ಅದು ನಡೆಯುತ್ತಿದೆ. ಆಮೇಲೆ ಎರಡು ವರ್ಷ ಮೂರು ನಾಲ್ಕು ವಿಷಯಗಳನ್ನು ಮಾತ್ರ ಆಳವಾಗಿ ಓದಿ ‘ಎ ಲೆವೆಲ್’ ಪರೀಕ್ಷೆ ಬರೆಯುತ್ತಾರೆ.

ಮೂರನೆಯದು ಆಗಲೇ ಹೇಳಿದ ಐ.ಬಿ. ಪದ್ಧತಿ. ಕೊನೆಯ ಎರಡು ವರ್ಷಗಳ ಡಿಪ್ಲೊಮಾದಲ್ಲಿ ಆರು ವಿಷಯಗಳು, ಒಂದೊಂದಕ್ಕೆ 7 ಅಂಕ, ಸ್ವಂತ ಸಂಶೋಧನೆಯ ದೀರ್ಘ ಪ್ರಬಂಧಕ್ಕೂ ‘ಜ್ಞಾನಮೀಮಾಂಸೆ’ ಎನ್ನಬಹುದಾದ ಒಂದು ಪಾಠಕ್ಕೂ ಸೇರಿ 3 ಅಂಕ, ಒಟ್ಟು 45. ಬಾಯಿಪಾಠಕ್ಕಿಂತ ಸ್ವಂತ ವಿಚಾರಕ್ಕೆ ಇಲ್ಲಿ ಬೆಲೆ ಹೆಚ್ಚು. ಅಧ್ಯಾಪಕನಾದ ನನಗೆ ಈ ಗುಣ ಮೆಚ್ಚಿಗೆಯಾದುದೇ. ಬ್ರಿಟಿಷ್ ಮತ್ತು ಐ.ಬಿ. ಶಾಲೆಗಳ ವರ್ಷ ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ತೊಡಗುತ್ತದೆ. ಅಮೆರಿಕದ ಪದ್ಧತಿಯ ಶಾಲೆಗಳೂ ಇವೆ. ನಮ್ಮವರು ಅಲ್ಲಿಗೆ ಸೇರುವುದು ಕಡಿಮೆ.

ಈ ಮೂರರಲ್ಲಿ ಯಾವುದು ಶ್ರೇಷ್ಠವೆಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಪ್ರಶ್ನೆ ಬೇರೆಯೇ ಇದೆ. ನಮ್ಮ ಗಡಿನಾಡಿನ ಸಂಸಾರವೊಂದು ಕಡಲಾಚೆಗೆ ಹೋದರೆ ಅದು ಮರಳಿ ಬರುವ ದಾರಿ ಯಾವುದು? ಶಾಲೆಯನ್ನು ಆರಿಸುವ ಮುನ್ನ ಆ ದಾರಿಯನ್ನು ನೋಡಿಕೊಳ್ಳಬೇಕೆಂಬುದೇ ನಾನು ಹೇಳಬಂದ ಮುಖ್ಯ ಮಾತು.

ಯಾಕೆಂದರೆ ಕೊಲ್ಲಿ ನಾಡಿಗೂ ಅಮೆರಿಕ, ಆಸ್ಟ್ರೇಲಿಯಾಗಳಿಗೂ ದೊಡ್ಡದೊಂದು ವ್ಯತ್ಯಾಸವಿದೆ. ಆ ದೇಶಗಳಿಗೆ ಹೋದವರಲ್ಲಿ ಎಷ್ಟೋ ಮಂದಿ ಅಲ್ಲಿಯ ಪ್ರಜೆಗಳಾಗಿ ಬೇರೂರುತ್ತಾರೆ. ಕೊಲ್ಲಿಯಲ್ಲಿ ಸಾಮಾನ್ಯ ಉದ್ಯೋಗಿಯ ವಾಸದ ಪರವಾನಿಗೆ ಉದ್ಯೋಗಕ್ಕೆ ಅಂಟಿಕೊಂಡಿರುತ್ತದೆ. ಉದ್ಯೋಗ ಹೋದರೆ ಪರವಾನಿಗೆಯೂ ಹೋಗುತ್ತದೆ. ತಂದೆಯ ಪರವಾನಿಗೆ ಹೋದರೆ ಮಕ್ಕಳದೂ ಹೋಗುತ್ತದೆ. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತನ್ನು ಆಕ್ರಮಿಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಬೇಕಾಯಿತು. 2020ರಲ್ಲಿ ಕೋವಿಡ್ ಮಹಾಮಾರಿ ಹಬ್ಬಿದಾಗ ‘ವಂದೇ ಭಾರತ್’ ವಿಮಾನಗಳು ಮೇ ತಿಂಗಳಿಂದ ನಮ್ಮವರನ್ನು ಕರೆತಂದವು. ಇವು ದೊಡ್ಡ ವಿಪತ್ತುಗಳು. ಯಾವ ವಿಪತ್ತೂ ಇಲ್ಲದೆ, ಕಂಪೆನಿಯೊಂದು ನೌಕರರನ್ನು ಕಡಿಮೆ ಮಾಡಿದುದರಿಂದಲೇ ಶಾಲಾವರ್ಷದ ನಡುವೆ ಪೆಟ್ಟಿಗೆ ಕಟ್ಟಿದ ಸಂಸಾರಗಳೂ ಇವೆ. ಹೋಗುವ ದಿನವನ್ನು ನಾವು ಪಂಚಾಂಗ ನೋಡಿ ನಿಶ್ಚಯಿಸುತ್ತೇವೆ. ಬರುವ ದಿನ ನಮ್ಮ ಕೈಯಲ್ಲಿಲ್ಲ.

ಉದಾಹರಣೆಗೆ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಏಳನೆಯ ತರಗತಿಯ ಹುಡುಗಿಯನ್ನು ಸೆಪ್ಟೆಂಬರಿನಲ್ಲಿ ವರ್ಷಾರಂಭವಾಗುವ ಬ್ರಿಟಿಷ್ ಶಾಲೆಗೆ ಸೇರಿಸಿದರು. ಮೂರು ವರ್ಷಗಳಾದ ಮೇಲೆ ಜನವರಿಯಲ್ಲಿ ತಂದೆಯ ಕೆಲಸ ಹೋಯಿತು. ಆಗ ಅವಳು ಐ.ಜಿ.ಸಿ.ಎಸ್.ಇ. ಪಾಠದ ಅರ್ಧದಲ್ಲಿದ್ದಾಳೆ. ಇಲ್ಲಿ ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಯ ಹೊಸ್ತಿಲಲ್ಲಿದ್ದಾರೆ. ಸಿ.ಬಿ.ಎಸ್.ಇ.ಯಲ್ಲಿ ಒಂಬತ್ತನೆಯ ತರಗತಿಯಲ್ಲಿಯೂ ಹನ್ನೊಂದನೆಯ ತರಗತಿಯಲ್ಲಿಯೂ ವಿದ್ಯಾರ್ಥಿಗಳ ನೋಂದಣಿ ನಡೆಯುವುದರಿಂದ ಅದಾದ ಮೇಲೆ ಹೊರಗಿನಿಂದ ಬಂದು ಸೇರುವುದು ಸುಲಭವಲ್ಲ. ಹುಡುಗಿ ಬುದ್ಧಿವಂತೆ; ಶಾಲೆಯೂ ಒಳ್ಳೆಯದು; ಆದರೂ ಒಂದು ವರ್ಷ ಕೈಬಿಟ್ಟು ಹೋಗುವ ಪ್ರಸಂಗ ಬಂದಿತು. ಅವಳು ಭಾರತೀಯ ಪದ್ಧತಿಯ ಶಾಲೆಯಲ್ಲಿದ್ದಿದ್ದರೆ ಅದೇ ಮಂಡಲಿಯ ಇಲ್ಲಿಯ ಶಾಲೆಯೊಂದಕ್ಕೆ ವರ್ಗವಾಗಿ ಬರುವ ದಾರಿಯಾದರೂ ಇರುತ್ತಿತ್ತು.

ಇಂಗ್ಲೆಂಡ್, ಕೆನಡಾ ಮೊದಲಾದ ಕಡೆ ಕಾಲೇಜು ಓದಿಸುವ ಶಕ್ತಿಯೂ ನಿಶ್ಚಯವೂ ಇರುವವರಿಗೆ ಬ್ರಿಟಿಷ್ ಅಥವಾ ಐ.ಬಿ. ಶಾಲೆ ಸರಿಯಾದುದೇ. ಆ ಪರೀಕ್ಷೆಗಳಿಗೆ ಭಾರತದಲ್ಲಿ ಬೆಲೆಯಿಲ್ಲವೆಂಬ ಮಾತು ನಮ್ಮ ಕಡೆ ಕೇಳಿಬರುತ್ತದೆ, ಅದು ನಿಜವಲ್ಲ. ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ಐ.ಬಿ. ಡಿಪ್ಲೊಮಾಕ್ಕೂ ‘ಎ ಲೆವೆಲ್’ ಪರೀಕ್ಷೆಗೂ ತನ್ನ ಷರತ್ತುಗಳಿಗೆ ಒಳಪಟ್ಟು ಹನ್ನೆರಡನೆಯ ತರಗತಿಯ ಸಮಾನತೆಯನ್ನು ಕೊಡುತ್ತದೆ. ಆದರೆ ಎಚ್ಚರ ಬೇಕಾದುದು ವಿಷಯಗಳ ಆಯ್ಕೆಯಲ್ಲಿ. ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಲೇಬೇಕು. ಇಂಜಿನಿಯರಿಂಗಿಗೆ ಗಣಿತ ಬೇಕು. ಹದಿನಾರನೆಯ ವಯಸ್ಸಿನಲ್ಲಿ ಇವುಗಳಲ್ಲಿ ಒಂದನ್ನು ಬಿಟ್ಟ ಹುಡುಗನು ಹದಿನೆಂಟನೆಯ ವಯಸ್ಸಿನಲ್ಲಿ ಊರಿಗೆ ಬಂದು ಅರ್ಜಿ ಹಾಕುವಾಗ ಬಾಗಿಲು ಮುಚ್ಚಿರುವುದನ್ನು ಕಾಣುತ್ತಾನೆ. ಅಲ್ಲದೆ ನೀಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆಯ ಪಾಠಪಟ್ಟಿಯು ಎನ್.ಸಿ.ಇ.ಆರ್.ಟಿ. ಪುಸ್ತಕಗಳಿಗೆ ಹತ್ತಿರವಾದುದು. ಆ ಪುಸ್ತಕಗಳನ್ನೇ ಓದಿದ ಮಗುವಿಗೆ ಅದು ಪರಿಚಿತ. ಬೇರೆ ಪದ್ಧತಿಯಲ್ಲಿ ಓದಿದ ಮಗು ಅದನ್ನು ಪ್ರತ್ಯೇಕವಾಗಿ ಕಲಿಯಬೇಕು.

ಗಡಿನಾಡಿನವರಾದ ನಾವು ವಿಶೇಷವಾಗಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಕರ್ನಾಟಕದ ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶಕ್ಕೆ ಗಡಿನಾಡ ಕನ್ನಡಿಗರೆಂಬ ಅರ್ಹತೆಯೊಂದಿದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಾಗಿ, ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ ಮೊದಲಾದ ತಾಲೂಕುಗಳಲ್ಲಿ ನೆಲೆಸಿ, ಹತ್ತನೆಯ ತರಗತಿಯನ್ನೂ ಹನ್ನೆರಡನೆಯ ತರಗತಿಯನ್ನೂ ಆ ತಾಲೂಕುಗಳಲ್ಲಿಯೇ ಓದಿ ಉತ್ತೀರ್ಣರಾದವರು, ಕನ್ನಡ ಭಾಷಾ ಪರೀಕ್ಷೆಯನ್ನು ಬರೆದು ಇದರ ಪ್ರಯೋಜನ ಪಡೆಯುತ್ತಾರೆ. ಹತ್ತನೆಯ ತರಗತಿಯನ್ನು ದುಬಾಯಿಯಲ್ಲಿ ಮುಗಿಸಿದ ಮಗು ಎಷ್ಟು ಚೆನ್ನಾಗಿ ಕನ್ನಡ ಬಲ್ಲದಾದರೂ ಈ ಅರ್ಹತೆಯಿಂದ ಹೊರಗುಳಿಯುತ್ತದೆ. ಪ್ರವೇಶದ ನಿಯಮಗಳು ವರ್ಷ ವರ್ಷವೂ ಪ್ರಕಟವಾಗುತ್ತವೆ. ಆಯಾ ವರ್ಷದ ಮಾಹಿತಿ ಪುಸ್ತಕವನ್ನು ಓದದೆ ಯಾರೂ ನಿರ್ಧಾರ ಕೈಗೊಳ್ಳಬಾರದು. ಅಂತೂ ಮಗುವನ್ನು ಒಂಬತ್ತನೆಯ ತರಗತಿಯ ಹೊತ್ತಿಗೆ ಇಲ್ಲಿಂದ ಕೀಳುವ ಮುನ್ನ ಎರಡು ಸಲ ಯೋಚಿಸುವುದು ಒಳಿತು. ಆ ವಯಸ್ಸಿನ ಮಗುವಿದ್ದರೆ ತಂದೆಯೊಬ್ಬನೇ ಮೊದಲು ಹೋಗಿ, ಮಗುವಿನ ಹತ್ತನೆಯ ತರಗತಿ ಮುಗಿದ ಮೇಲೆ ಮುಂದಿನದನ್ನು ಆಲೋಚಿಸುವುದು ಹಲವು ಸಂಸಾರಗಳಿಗೆ ಹೊಂದೀತು.

ಇನ್ನು ಭಾಷೆಯ ಪ್ರಶ್ನೆ. ಕನ್ನಡ ಮಾಧ್ಯಮದಲ್ಲಿ ಐದನೆಯ, ಆರನೆಯ ತರಗತಿಯವರೆಗೆ ಓದಿದ ಮಗು ಅಲ್ಲಿ ಇಂಗ್ಲಿಷು ಮಾಧ್ಯಮದ ಶಾಲೆಗೆ ಸೇರಿದರೆ ಏನಾಗುತ್ತದೆ? ಟೊರಾಂಟೊ ನಗರದ ವಲಸೆಗಾರರ ಮಕ್ಕಳ ಕಲಿಕೆಯನ್ನು ಪರಿಶೀಲಿಸಿದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1980ರ ಸುಮಾರಿಗೆ ಒಂದು ಮುಖ್ಯ ವಿಚಾರವನ್ನು ಮುಂದಿಟ್ಟರು. ಆಟದ ಬಯಲಿನ ಮಾತು, ಅಂಗಡಿಯ ಮಾತು ಎರಡು ವರ್ಷದೊಳಗೆ ಮಗುವಿಗೆ ಬಂದುಬಿಡುತ್ತದೆ. ಪಾಠದ ಭಾಷೆ, ಎಂದರೆ ಕಾರಣ ಕೊಡುವ, ಹೋಲಿಸುವ, ವಿವರಿಸುವ ಭಾಷೆ, ಆ ದೇಶದ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಈ ಎರಡರ ನಡುವಣ ಅಂತರವನ್ನು ತಿಳಿಯದವರು, “ಹುಡುಗ ಪಟಪಟನೆ ಇಂಗ್ಲಿಷು ಮಾತಾಡುತ್ತಾನೆ, ವಿಜ್ಞಾನದಲ್ಲಿ ಮಾತ್ರ ಯಾಕೆ ಅಂಕ ಕಡಿಮೆ?” ಎಂದು ಮಗುವನ್ನು ಗದರುತ್ತಾರೆ. ಮಗುವಿನ ಬುದ್ಧಿ ಮಂದವಾದುದಲ್ಲ. ಅದು ಒಂದೇ ಹೊತ್ತಿಗೆ ಪಾಠವನ್ನೂ ಪಾಠದ ಭಾಷೆಯನ್ನೂ ಕಲಿಯುತ್ತಿದೆ.

ಆದುದರಿಂದ ಶಾಲೆಯನ್ನು ನೋಡಲು ಹೋದಾಗ ಈಜುಕೊಳವನ್ನೂ ಗಾಜಿನ ಕಟ್ಟಡವನ್ನೂ ನೋಡಿ ಮನಸೋಲುವ ಮೊದಲು, “ಇಂಗ್ಲಿಷು ಹೊಸದಾಗಿ ಕಲಿಯುವ ಮಕ್ಕಳಿಗೆ ಪ್ರತ್ಯೇಕ ಪಾಠವುಂಟೇ? ಅದಕ್ಕೆ ಪ್ರತ್ಯೇಕ ಹಣವೆಷ್ಟು? ಆ ಪಾಠ ಮಾಡುವವರು ಯಾರು?” ಎಂದು ವಿಚಾರಿಸಬೇಕು. ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುವ ಶಾಲೆ ಕನ್ನಡ ಮಾಧ್ಯಮದ ಮಗುವಿಗೆ ಯೋಗ್ಯವಾದ ಶಾಲೆ. “ಎಲ್ಲ ತಾನಾಗಿ ಬರುತ್ತದೆ” ಎನ್ನುವ ಶಾಲೆಯ ವಿಷಯದಲ್ಲಿ ಜಾಗರೂಕರಾಗಿರಬೇಕು. ತಾಯ್ನುಡಿಯಲ್ಲಿ ಮೊದಲ ವಿದ್ಯಾಭ್ಯಾಸ ಪಡೆಯುವುದು ಮಗುವಿಗೆ ಹಿತವೆಂದು ಯುನೆಸ್ಕೊ ಸಂಸ್ಥೆ 1953ರಷ್ಟು ಹಿಂದೆಯೇ ಹೇಳಿದೆ. ಕನ್ನಡದಲ್ಲಿ ಭಿನ್ನರಾಶಿಯನ್ನು ಚೆನ್ನಾಗಿ ಅರಿತ ಮಗು ಇಂಗ್ಲಿಷಿನಲ್ಲಿ ಅದರ ಹೆಸರನ್ನು ಮಾತ್ರ ಕಲಿಯಬೇಕು. ಅರಿವು ಅದರ ಕೈಯಲ್ಲಿ ಆಗಲೇ ಇದೆ. ನಮ್ಮ ಶಾಲೆಗಳಿಂದ ಹೋದ ಮಕ್ಕಳು ತಲೆತಗ್ಗಿಸಬೇಕಾದ ಕಾರಣ ಏನೇನೂ ಇಲ್ಲ.

ವ್ಯವಹಾರದ ಕೆಲವು ಮಾತುಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಶಾಲೆಯ ಗುಣವನ್ನು ತಿಳಿಯಲು ನೆರೆಮನೆಯವರ ಮಾತೊಂದೇ ಆಧಾರವಾಗಬೇಕಾಗಿಲ್ಲ. ದುಬಾಯಿಯ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಕೆ.ಎಚ್.ಡಿ.ಎ. ಎಂಬ ಪ್ರಾಧಿಕಾರದ್ದು, ಅಬುಧಾಬಿಯಲ್ಲಿ ಅಡೆಕ್ ಎಂಬ ಇಲಾಖೆ ಇದೆ. ಇವು ಶಾಲೆಗಳನ್ನು ತನಿಖೆ ಮಾಡಿ, ಅತ್ಯುತ್ತಮದಿಂದ ಅತಿ ದುರ್ಬಲದವರೆಗೆ ಆರು ಮಟ್ಟಗಳಲ್ಲಿ ಗುರುತಿಸಿ ಪ್ರಕಟಿಸಿದ ವರದಿಗಳನ್ನು ಯಾರು ಬೇಕಾದರೂ ಓದಬಹುದು. ವರದಿಯ ಮೊದಲ ಪುಟದ ಒಂದು ಪದವನ್ನು ನೋಡಿ ಮಡಚಿಡಬಾರದು. ವರದಿಯ ವರ್ಷ ಯಾವುದು, ಇಂಗ್ಲಿಷು, ಗಣಿತ, ವಿಜ್ಞಾನಗಳ ಬೋಧನೆಯ ಬಗ್ಗೆ ಒಳಗೆ ಏನು ಬರೆದಿದೆ ಎಂಬುದನ್ನು ಓದಬೇಕು.

ಶುಲ್ಕದ ವಿಷಯದಲ್ಲಿ ನಮ್ಮ ಹಿರಿಯರು ಹಾಸಿಗೆಗೂ ಕಾಲಿಗೂ ಹೇಳಿದ ಮಾತನ್ನು ನೆನೆಯುವುದು ಒಳ್ಳೆಯದು. ದುಬಾಯಿಯಲ್ಲಿ ವರ್ಷಕ್ಕೆ 10,000 ದಿರ್ಹಮಿನ ಆಸುಪಾಸಿನಲ್ಲಿ ಕಲಿಸುವ ಭಾರತೀಯ ಶಾಲೆಗಳಿವೆ. ಮೇಲಿನ ತರಗತಿಗಳಿಗೆ 1,00,000 ದಿರ್ಹಮನ್ನು ದಾಟುವ ಐ.ಬಿ. ಶಾಲೆಗಳೂ ಇವೆ. ಒಂದು ದಿರ್ಹಮಿಗೆ 20 ರೂಪಾಯಿಗಿಂತ ಹೆಚ್ಚು ಬೆಲೆಯಿರುವುದರಿಂದ ಎರಡನೆಯದು ವರ್ಷಕ್ಕೆ 20 ಲಕ್ಷ ರೂಪಾಯಿಗೂ ಮೀರಿದ ಲೆಕ್ಕ. ತರಗತಿ ಏರಿದಂತೆ ಶುಲ್ಕವೂ ಏರುತ್ತದೆ. ಬಸ್ಸು, ಪುಸ್ತಕ, ಸಮವಸ್ತ್ರಗಳ ಹಣ ಬೇರೆ. ಇಂದು ಒಂದು ಮಗುವಿಗೆ ಕೊಡಬಲ್ಲೆನೇ ಎಂದು ನೋಡಿದರೆ ಸಾಲದು. ಎಲ್ಲ ಮಕ್ಕಳಿಗೂ ಹನ್ನೆರಡನೆಯ ತರಗತಿಯವರೆಗೆ ಕೊಡಬಲ್ಲೆನೇ ಎಂದು ನೋಡಬೇಕು. ಕಂಪೆನಿ ಶುಲ್ಕ ಕೊಡುವುದಾದರೆ ಎಷ್ಟು ಮಕ್ಕಳಿಗೆ, ಎಷ್ಟರವರೆಗೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಶುಲ್ಕ ಸಾಲದೆ ನಡುವಿನಲ್ಲಿ ಪದ್ಧತಿ ಬದಲಾಯಿಸುವುದು ಮಗುವಿಗೆ ಎರಡನೆಯ ವಲಸೆಯೇ ಸರಿ.

ಕಾಗದಪತ್ರಗಳನ್ನು ಹೊರಡುವ ಮೊದಲೇ ಸಿದ್ಧಪಡಿಸಬೇಕು. ಟಿ.ಸಿ., ಅಂಕಪಟ್ಟಿ, ಜನನಪತ್ರಗಳಲ್ಲಿ ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಒಂದಕ್ಷರ ವ್ಯತ್ಯಾಸವಾದರೂ ತೊಂದರೆ. ಯಾವ ಪತ್ರಕ್ಕೆ ಯಾರ ಮೇಲುರುಜು ಬೇಕೆಂಬುದು ದೇಶದಿಂದ ದೇಶಕ್ಕೆ ಬೇರೆ. ಆ ಶಾಲೆಯನ್ನೇ ಕೇಳಿ ತಿಳಿಯಬೇಕು. ಅಲ್ಲಿಯ ಭಾರತೀಯ ಶಾಲೆಗಳು ಏಪ್ರಿಲ್ ಮೊದಲಲ್ಲಿಯೇ ತೊಡಗುತ್ತವೆ. ಕೇರಳದ ಶಾಲೆಗಳಲ್ಲಿ ತೇರ್ಗಡೆಯ ಪಟ್ಟಿ ಪ್ರಕಟವಾಗುವುದು ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ. ಈ ಒಂದು ತಿಂಗಳ ಅಂತರವನ್ನು ಮುಖ್ಯೋಪಾಧ್ಯಾಯರಿಗೆ ಮುಂಚಿತವಾಗಿ ತಿಳಿಸಿ ಪರಿಹರಿಸಿಕೊಳ್ಳಬೇಕು. ಶಾಲೆಯ ದೂರವನ್ನೂ ಮರೆಯಬಾರದು. ಜೂನಿನ ಉರಿಬಿಸಿಲಿನಲ್ಲಿ ದಿನವೂ ಒಂದೊಂದು ಗಂಟೆ ಬಸ್ಸಿನಲ್ಲಿ ಕುಳಿತು ಬಂದ ಆರು ವರ್ಷದ ಮಗುವಿಗೆ ಯಾವ ಶ್ರೇಷ್ಠ ಪಾಠಪಟ್ಟಿಯೂ ರುಚಿಸದು.

ಈಗ ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಿಸಿದ ವಿಷಯಕ್ಕೆ ಬರುತ್ತೇನೆ. ಪರೀಕ್ಷೆಯ ದಾರಿಯಲ್ಲಿ ಮಗು ಮರಳಿ ಬಂದರೆ ಸಾಲದು. ಭಾಷೆಯ ದಾರಿಯಲ್ಲಿಯೂ ಅದು ಮರಳಿ ಬರುವಂತಿರಬೇಕು.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಒಂದನೆಯ ತರಗತಿಯಿಂದ ಒಂಬತ್ತನೆಯ ತರಗತಿಯವರೆಗೆ ಹೊರನಾಡಿನ ಮಕ್ಕಳಿಗೂ ಅರಬ್ಬಿ ಕಡ್ಡಾಯ. ಇಂಗ್ಲಿಷು ಮಾಧ್ಯಮ, ಭಾರತೀಯ ಶಾಲೆಯಾದರೆ ಹಿಂದಿ ಅಥವಾ ಮಲಯಾಳ. ಸಿ.ಬಿ.ಎಸ್.ಇ.ಯ ಭಾಷಾ ವಿಷಯಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಪಟ್ಟಿಯಲ್ಲಿರುವುದು ಬೇರೆ, ಶಾಲೆಯಲ್ಲಿ ಅಧ್ಯಾಪಕರಿರುವುದು ಬೇರೆ. ಕೇಳುವವರಿಲ್ಲದ ಭಾಷೆಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಹತ್ತು ಸಂಸಾರಗಳು ಒಟ್ಟಾಗಿ ಒಂದು ಶಾಲೆಯನ್ನು ಕೇಳಿದರೆ ಕೇಳಿದುದಕ್ಕೆ ತೂಕವಿರುತ್ತದೆ.

ಕರ್ನಾಟಕದ ಒಳನಾಡಿನವರಿಗೂ ನಮಗೂ ಇಲ್ಲಿ ಒಂದು ವ್ಯತ್ಯಾಸವಿದೆ. ಒಳನಾಡಿನ ಕನ್ನಡ ಸಂಸಾರ ದುಬಾಯಿಗೆ ಹೋದರೂ ಮನೆಯಲ್ಲಿ ಕನ್ನಡ ನುಡಿ ಉಳಿಯುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳ ಮಾತು ತುಳು. ಕೆಲವು ಮನೆಗಳಲ್ಲಿ ಕೊಂಕಣಿ, ಮರಾಠಿ, ಬ್ಯಾರಿ. ನಮ್ಮಲ್ಲಿ ಕನ್ನಡವು ಬಹುಮಟ್ಟಿಗೆ ಶಾಲೆಯಿಂದ, ಪುಸ್ತಕದಿಂದ, ಪತ್ರಿಕೆಯಿಂದ, ಯಕ್ಷಗಾನದ ರಂಗಸ್ಥಳದಿಂದ ಬಂದುದು. ಹಾಗಿರುವಾಗ ಕನ್ನಡ ಶಾಲೆ ತಪ್ಪಿತೆಂದರೆ ಮಗುವಿನ ಪಾಲಿಗೆ ಕನ್ನಡವೇ ತಪ್ಪಿತು. ಮನೆಯ ತುಳು ಉಳಿದೀತು. ಅಕ್ಷರ ಮಾತ್ರ ಹೋಗುತ್ತದೆ. ಹತ್ತು ವರ್ಷ ಕಳೆದು ಊರಿಗೆ ಬಂದ ಹುಡುಗನಿಗೆ ಬಸ್ಸಿನ ಹಲಗೆಯನ್ನೂ ತನ್ನ ಅಜ್ಜನ ಹಳೆಯ ಕಾಗದವನ್ನೂ ಓದಲಾಗದಿದ್ದರೆ, ಅವನು ನಮ್ಮ ನಡುವೆ ಇದ್ದರೂ ನೆಂಟನೇ.

ಒಂದು ಕಟು ಸತ್ಯವನ್ನು ಮುಚ್ಚಿಡದೆ ಹೇಳುತ್ತೇನೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಡಿವಿಜನ್ನು ಉಳಿಯುತ್ತದೆ, ಇಲ್ಲವೇ ಹೋಗುತ್ತದೆ. ಡಿವಿಜನ್ನು ಹೋದರೆ ಅಧ್ಯಾಪಕನ ಹುದ್ದೆಯೂ ಹೋಗುತ್ತದೆ. ಪರದೇಶಕ್ಕೆ ಹೋಗುವ ಒಂದೊಂದು ಮಗುವೂ ಕನ್ನಡ ಮಾಧ್ಯಮದ ಒಂದೊಂದು ತಲೆ. ನನ್ನಂತಹವನು ಇದನ್ನು ನೋಡಿ ಸುಮ್ಮನಿರಲಾರ. ಹಾಗೆಂದು ಹೊಟ್ಟೆಪಾಡಿಗಾಗಿ ಹೊರಟ ತಂದೆಯನ್ನು ಭಾಷಾದ್ರೋಹಿಯೆಂದು ಸಭೆಯಲ್ಲಿ ಹಂಗಿಸುವುದು ಅನ್ಯಾಯ. ಹೆಂಡತಿ ಮಕ್ಕಳನ್ನು ಬಿಟ್ಟು ಇಪ್ಪತ್ತು ವರ್ಷ ಒಂಟಿಯಾಗಿ ದುಡಿದವರ ದುಃಖವನ್ನು ಈ ಊರು ಕಂಡಿದೆ. ಮಗುವಿಗೆ ತಂದೆಯೂ ಬೇಕು, ಕನ್ನಡವೂ ಬೇಕು. ಎರಡರಲ್ಲಿ ಒಂದನ್ನು ಆರಿಸೆಂದು ಹೇಳುವ ಹಕ್ಕು ಯಾವ ಸಂಘಕ್ಕೂ ಇಲ್ಲ. ಎರಡೂ ಉಳಿಯುವ ಉಪಾಯವನ್ನು ಹುಡುಕುವುದು ಸಂಘದ ಕೆಲಸ.

ಉಪಾಯ ಇಲ್ಲದಿಲ್ಲ. ಬಹರೈನಿನಲ್ಲಿ ಕನ್ನಡ ಸಂಘವಿದೆ. ದುಬಾಯಿ, ಅಬುಧಾಬಿಗಳಲ್ಲಿ ಕರ್ನಾಟಕ ಸಂಘಗಳಿವೆ. ದುಬಾಯಿಯಲ್ಲಿ ರಜಾದಿನಗಳಂದು ಮಕ್ಕಳಿಗೆ ಕನ್ನಡ ಪಾಠಶಾಲೆಯನ್ನು ನಡೆಸುವ ನಮ್ಮವರಿದ್ದಾರೆ. ಮನೆ ಹುಡುಕುವಾಗಲೇ ಇವರನ್ನೂ ಹುಡುಕಬೇಕು. ಕೇರಳದ ಕನ್ನಡ ಪಠ್ಯಪುಸ್ತಕಗಳು ಅಂತರಜಾಲದಲ್ಲಿ ದೊರೆಯುತ್ತವೆ. ಪ್ರಥಮ್ ಬುಕ್ಸ್ ಸಂಸ್ಥೆಯವರ ಸ್ಟೋರಿವೀವರ್ ಎಂಬ ತಾಣದಲ್ಲಿ ಚಿತ್ರಸಹಿತವಾದ ಕನ್ನಡ ಕಥೆಪುಸ್ತಕಗಳನ್ನು ಉಚಿತವಾಗಿ ಓದಬಹುದು. ದಿನಕ್ಕೆ ಅರ್ಧ ಗಂಟೆ, ರಾತ್ರಿಯ ಊಟಕ್ಕೆ ಮೊದಲು, ತಾಯಿಯೋ ತಂದೆಯೋ ಪಕ್ಕದಲ್ಲಿ ಕುಳಿತು ಒಂದು ಪುಟ ಓದಿಸಲಿ, ನಾಲ್ಕು ಸಾಲು ಬರೆಯಿಸಲಿ. ವಾರಕ್ಕೊಮ್ಮೆ ಅಜ್ಜಿಗೆ ಕೈಯಿಂದಲೇ ಒಂದು ಕಾಗದ ಬರೆಯಲಿ. ಫೋನಿನಲ್ಲಿ ಅದರ ಚಿತ್ರವನ್ನು ಕಳುಹಿಸಿದರೂ ಆಯಿತು. ಅಕ್ಷರ ಮರೆಯದಿರಲು ಇಷ್ಟು ಸಾಕು. ಇಂಗ್ಲಿಷಿಗೆ ಇದರಿಂದ ಕುಂದು ಬಂದೀತೆಂಬ ಭಯ ಬೇಡ. ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಎಷ್ಟೊಂದು ಭಾಷೆಗಳನ್ನು ಬಲ್ಲವರಾಗಿದ್ದರು! ಮನೆಯ ಕೊಂಕಣಿಗಾಗಲಿ ಬರವಣಿಗೆಯ ಕನ್ನಡಕ್ಕಾಗಲಿ ಅದರಿಂದ ಬಡತನ ಬರಲಿಲ್ಲ. ನಾಲ್ಕು ನುಡಿಗಳ ನಡುವೆ ಬೆಳೆಯುವುದು ಗಡಿನಾಡಿನ ಮಗುವಿಗೆ ಹುಟ್ಟಿನಿಂದಲೇ ಅಭ್ಯಾಸ.

ಕೊನೆಯದಾಗಿ ಸಂಘದ ಮುಂದೆ ಒಂದು ಸಲಹೆಯನ್ನಿಡುತ್ತೇನೆ. ಕೊಲ್ಲಿ ನಾಡಿನ ಶಾಲೆಗಳಿಗೆ ದೀರ್ಘ ರಜೆ ಬರುವುದು ಜುಲಾಯಿ, ಆಗಸ್ಟ್ ತಿಂಗಳುಗಳಲ್ಲಿ. ಆಗ ನಮ್ಮಲ್ಲಿ ಆಟಿ ತಿಂಗಳು. ಹೊರಗೆ ಧೋ ಎಂದು ಮಳೆ. ಮಕ್ಕಳು ಅಜ್ಜನ ಮನೆಯಲ್ಲಿ ಫೋನು ಹಿಡಿದು ಕುಳಿತಿರುತ್ತಾರೆ. ಆ ತಿಂಗಳು ನಮ್ಮ ಸಂಘದ ಈ ಸಭಾಭವನದಲ್ಲಿಯೇ ನಾಲ್ಕು ವಾರಗಳ ಕನ್ನಡ ತರಗತಿಯನ್ನು ನಡೆಸೋಣ. ಮೊದಲ ವಾರ ಅಕ್ಷರ, ಎರಡನೆಯ ವಾರ ಓದು, ಮೂರನೆಯ ವಾರ ಬರೆಹ, ಕೊನೆಯ ವಾರ ಊರಿನ ಭಾಗವತರಿಂದ ಒಂದು ಚಿಕ್ಕ ಪ್ರಸಂಗ. ಶುಲ್ಕ ಬೇಡ. ಹೆಚ್ಚಾಗಿ ಬೇಕಾದುದು ಒಂದು ಕರಿಹಲಗೆ, ಹತ್ತಿಪ್ಪತ್ತು ಸ್ಲೇಟು, ಸಂಜೆಗೊಂದಿಷ್ಟು ಪತ್ರೊಡೆ. ಪಾಠ ಹೇಳುವ ಹೊಣೆಯನ್ನು ನಾನು ಹೊರುತ್ತೇನೆ; ನಿವೃತ್ತರಾದ ನಮ್ಮ ಹಿರಿಯ ಅಧ್ಯಾಪಕರು ಕೈಜೋಡಿಸುವರೆಂಬ ನಂಬಿಕೆ ನನಗಿದೆ. ಊರಿನಲ್ಲಿಯೇ ಇದ್ದು ಇಂಗ್ಲಿಷು ಮಾಧ್ಯಮಕ್ಕೆ ಹೋಗುವ ಮಕ್ಕಳೂ ಸಂಜೆ ಬಂದು ಕುಳಿತರೆ ಇನ್ನೂ ಸಂತೋಷ. ಈ ವರ್ಷದ ಕಾರ್ಯಕಾರಿ ಸಮಿತಿ ಇದನ್ನು ಪರಿಶೀಲಿಸಬೇಕೆಂದು ಅಧ್ಯಕ್ಷರಲ್ಲಿ ಬಿನ್ನವಿಸುತ್ತೇನೆ.

ಕಡಲಾಚೆಗೆ ಹೊರಟಿರುವ ತಾಯ್ತಂದೆಗಳೇ, ನಿಮ್ಮ ಮಗುವಿಗೆ ಯೋಗ್ಯವಾದ ಶಾಲೆ ದೊರೆಯಲಿ. ಅದರ ಪರೀಕ್ಷೆಯನ್ನು ನೋಡಿ, ಅದರ ಖರ್ಚನ್ನು ನೋಡಿ, ಅಲ್ಲಿಂದ ಊರಿಗೆ ಬರುವ ದಾರಿಯನ್ನು ನೋಡಿ ಆರಿಸಿರಿ. ಶಾಲೆ ಕೊಡಲಾರದ ಕನ್ನಡವನ್ನು ಮನೆಯಲ್ಲಿ ನೀವು ಕೊಡಿರಿ. ಆಟಿಯಲ್ಲಿ ನಾವು ಕೊಡುತ್ತೇವೆ.